ನಮ್ಮ ಲ್ಯಾಪ್‌ಟಾಪಿನಿಂದ ಕಾಲೇಜಿನ ಪ್ರಿಂಟರಿಗೆ ದಾರಿ ಬಿಡಿ: ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ದಾವಣಗೆರೆ

ಮಾನ್ಯ ಪ್ರಾಂಶುಪಾಲರಿಗೆ, ಗಣಕ ಕೇಂದ್ರದ ಮುಖ್ಯಸ್ಥರಿಗೆ ಹಾಗೂ ಗ್ರಂಥಪಾಲಕರಿಗೆ,

ವಿಷಯ: ವಿದ್ಯಾರ್ಥಿಗಳ ಸ್ವಂತ ಕಂಪ್ಯೂಟರುಗಳನ್ನು ಕಾಲೇಜಿನ ಸಾಮಾನ್ಯ ಪ್ರಿಂಟರುಗಳಿಗೆ ಜೋಡಿಸಲು ಅವಕಾಶ ಕೋರಿ.

ಗೌರವಪೂರ್ವಕ ನಮಸ್ಕಾರಗಳು.

ನಾನು ತಮ್ಮ ಕಾಲೇಜಿನಲ್ಲಿ ಎಂ.ಸಿ.ಎ. ಎರಡನೆಯ ವರ್ಷ ಓದುತ್ತಿರುವ ವಿದ್ಯಾರ್ಥಿನಿ. ಊರು ಜಗಳೂರು ತಾಲ್ಲೂಕಿನ ಹಳ್ಳಿ, ಇಲ್ಲಿ ಹಾಸ್ಟೆಲಿನಲ್ಲಿದ್ದೇನೆ. ಈ ವಿಷಯವಾಗಿ ಕಳೆದ ಅಕ್ಟೋಬರಿನಲ್ಲಿ ಒಂದು ಮನವಿ, ಜನವರಿಯಲ್ಲಿ ಮತ್ತೊಂದು ಮನವಿ ಕೊಟ್ಟಿದ್ದೇನೆ. ಎರಡರ ಪ್ರತಿಯ ಮೇಲೂ ಕಚೇರಿಯ ಸ್ವೀಕೃತಿ ಮೊಹರಿದೆ. ಉತ್ತರ ಬಂದಿಲ್ಲ. ಅವು ತಮ್ಮ ಮೇಜಿನವರೆಗೆ ತಲುಪಿರಲಾರವು ಎಂದೇ ನಂಬಿದ್ದೇನೆ. ತೊಂದರೆ ನನ್ನೊಬ್ಬಳದಾಗಿದ್ದರೆ ಮೂರನೆಯ ಮನವಿ ಬರೆದು ಮತ್ತೆ ಕಾಯುತ್ತಿದ್ದೆ. ಇದು ಕಾಲೇಜಿನ ಪ್ರತಿಯೊಂದು ವಿಭಾಗದ ವಿದ್ಯಾರ್ಥಿಗಳ ತೊಂದರೆಯಾದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಇಷ್ಟು. ಕಾಲೇಜಿನಲ್ಲಿ ಪ್ರಿಂಟರುಗಳಿವೆ, ಅವು ನೆಟ್‌ವರ್ಕಿಗೆ ಜೋಡಣೆಯಾಗಿವೆ, ನಮ್ಮಲ್ಲಿ ಅನೇಕರ ಕೈಯಲ್ಲಿ ಲ್ಯಾಪ್‌ಟಾಪುಗಳಿವೆ. ಇವೆರಡರ ನಡುವಿನ ಬಾಗಿಲನ್ನು ಕೆಲವು ವರ್ಷಗಳ ಹಿಂದೆ ಸರಿಯಾದ ಕಾರಣಕ್ಕೇ ಮುಚ್ಚಲಾಯಿತು. ಆ ಕಾರಣ ತೀರಿದ ಮೇಲೂ ಅದನ್ನು ತೆರೆಯುವುದಕ್ಕೆ ಯಾರೂ ಮುಂದಾಗಲಿಲ್ಲ.

ಏಪ್ರಿಲ್ ಎರಡನೆಯ ವಾರದ ಶುಕ್ರವಾರ ನಡೆದದ್ದನ್ನು ಮೊದಲು ವಿವರಿಸುತ್ತೇನೆ. ನನ್ನ ಕೊಠಡಿಯ ಗೆಳತಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದ ಕುಟುಂಬಗಳ ಹೆಂಗಸರ ನೆನಪುಗಳನ್ನು ಕಲೆಹಾಕಿ ಅವಳು ಕಿರುಪ್ರಬಂಧ ಬರೆದಿದ್ದಳು. ಗಿರಣಿಗಳ ಸದ್ದು ಅಡಗಿದ ಮೇಲೂ ಅದೇ ಓಣಿಗಳಲ್ಲಿ ಉಳಿದ ಅಜ್ಜಿಯರ ಮುಂದೆ ಎಂಟು ತಿಂಗಳ ಭಾನುವಾರಗಳನ್ನು ಕಳೆದು, ಅವರ ಮಾತನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಬಂದಿದ್ದಳು. ಒಟ್ಟು 84 ಪುಟ, ಅದರಲ್ಲಿ 6 ಪುಟ ಬಣ್ಣದ ಚಿತ್ರಗಳು. ಮೂರು ಪ್ರತಿಗಳನ್ನು ಬೈಂಡ್ ಮಾಡಿಸಿ ಮರುದಿನ ಮಧ್ಯಾಹ್ನ ಒಂದು ಗಂಟೆಯೊಳಗೆ ವಿಭಾಗಕ್ಕೆ ಒಪ್ಪಿಸಬೇಕಿತ್ತು.

ಗ್ರಂಥಾಲಯದ ನೆಲಮಹಡಿಯಲ್ಲಿ ಕುಳಿತು ಕೊನೆಯ ತಿದ್ದುಪಡಿ ಮುಗಿಸಿದೆವು. ನಮ್ಮ ಮೇಜಿನಿಂದ ಇಪ್ಪತ್ತು ಹೆಜ್ಜೆಯಾಚೆ ಕಾಲೇಜಿನ ದೊಡ್ಡ ಲೇಸರ್ ಪ್ರಿಂಟರ್ ಇದೆ. ಹಸಿರು ದೀಪ ಉರಿಯುತ್ತಿತ್ತು, ತಟ್ಟೆಯಲ್ಲಿ ಕಾಗದವಿತ್ತು. ನಾವು ಅಲ್ಲಿದ್ದ ಎರಡು ಗಂಟೆಗಳಲ್ಲಿ ಅದರಿಂದ ಒಂದು ಹಾಳೆಯೂ ಹೊರಬರಲಿಲ್ಲ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ 'ಕಚೇರಿ ಮತ್ತು ಲ್ಯಾಬ್ ಕಂಪ್ಯೂಟರುಗಳಿಂದ ಮಾತ್ರ' ಎಂದು ಬರೆದಿದೆ.

ಹಾಗಾಗಿ ಲ್ಯಾಬಿಗೆ ಹೋದೆವು. "ಅಣ್ಣ, ಇದನ್ನೊಂದು ಪ್ರಿಂಟ್ ತೆಗೆದುಕೊಡಿ" ಎಂದು ಕೇಳಿದಾಗ ಅಲ್ಲಿನ ಸಹಾಯಕರು ಬೇಸರಪಡದೆ "ಪೆನ್ ಡ್ರೈವ್ ಕೊಡಮ್ಮ" ಎಂದರು. ಮೂರು ಲ್ಯಾಬುಗಳಿಗೆ ಅವರೊಬ್ಬರೇ. ಪೆನ್ ಡ್ರೈವ್ ಸಿಕ್ಕಿಸಿದ ಕೂಡಲೇ ಅದರೊಳಗಿದ್ದ ಕಡತಗಳೆಲ್ಲ ಮರೆಯಾಗಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಕಂಡವು. ಕಡತಗಳನ್ನು ಬಚ್ಚಿಟ್ಟು ಅವುಗಳ ಹೆಸರಿನಲ್ಲಿ ತಾನು ಹರಡಿಕೊಳ್ಳುವ ಹಳೆಯ ವೈರಸ್ ಅದು. ದಿನಕ್ಕೆ ಎಷ್ಟೋ ಪೆನ್ ಡ್ರೈವ್‌ಗಳು ಬಂದುಹೋಗುವ ಕಂಪ್ಯೂಟರಿನಲ್ಲಿ ಅದು ಸೇರಿಕೊಳ್ಳುವುದು ಆಶ್ಚರ್ಯವಲ್ಲ. ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮೂಲಪ್ರತಿ ಇದ್ದುದರಿಂದ ಕೆಲಸ ಉಳಿಯಿತು. ಆ ಎರಡು ನಿಮಿಷ ಅವಳ ಮುಖ ಹೇಗಾಗಿತ್ತೆಂದು ನಾನು ಮರೆಯಲಾರೆ.

ಕಡತವನ್ನು ಮೇಲ್ ಮೂಲಕ ಕಳಿಸಿ ಲ್ಯಾಬಿನ ಕಂಪ್ಯೂಟರಿನಲ್ಲಿ ತೆರೆದೆವು. ಕನ್ನಡವೇ ಇರಲಿಲ್ಲ. ಪ್ರಬಂಧವನ್ನು ಅವಳು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದಳು, ವಿಭಾಗದಲ್ಲಿ ಕೇಳುವುದೂ ಅದನ್ನೇ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ಆ ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರಗಳ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿರುತ್ತದೆ. ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಜ್ಜಿಯರ ಮಾತೆಲ್ಲ ತಲೆಯ ಮೇಲೆ ಗೀರು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಅಕ್ಷರಶೈಲಿ ಕಡತದೊಳಗೇ ಸೇರಿಕೊಂಡು ಈ ತೊಂದರೆ ತಪ್ಪುತ್ತದೆ ಎಂದು ನನಗೆ ಗೊತ್ತಿತ್ತು, ಮಾಡಿಯೂ ಕೊಟ್ಟೆ. ಅಷ್ಟರಲ್ಲಿ ನಾಲ್ಕೂವರೆಯಾಗಿತ್ತು. ಮರುದಿನದ ಪ್ರಾಯೋಗಿಕ ಪರೀಕ್ಷೆಗೆ ಲ್ಯಾಬನ್ನು ಅಣಿಗೊಳಿಸಬೇಕಿದ್ದ ಸಹಾಯಕರು ನಮ್ಮ ಕ್ಷಮೆ ಕೇಳಿ ಬಾಗಿಲು ಹಾಕಿಕೊಂಡರು.

ಸಂಜೆ ವಿದ್ಯಾನಗರದ ಜೆರಾಕ್ಸ್ ಅಂಗಡಿಯೊಂದರ ಮುಂದೆ ನಿಂತಾಗ ನಮ್ಮಂತೆಯೇ ಬಂದ ಇಪ್ಪತ್ತಕ್ಕೂ ಹೆಚ್ಚು ಹುಡುಗ ಹುಡುಗಿಯರು ಅಲ್ಲಿದ್ದರು. ಕಪ್ಪುಬಿಳುಪಿನ ಪುಟಕ್ಕೆ 2 ರೂಪಾಯಿ, ಬಣ್ಣದ ಪುಟಕ್ಕೆ 10 ರೂಪಾಯಿ. ಮೂರು ಪ್ರತಿಗೆ 234 ಕಪ್ಪುಬಿಳುಪಿನ ಪುಟ, 18 ಬಣ್ಣದ ಪುಟ. ಒಟ್ಟು 648 ರೂಪಾಯಿ. ಬೈಂಡಿಂಗ್ ಬೇರೆ. ಗೆಳತಿಯ ತಾಯಿ ಚನ್ನಗಿರಿ ಕಡೆ ಸುಗ್ಗಿಯಲ್ಲಿ ಅಡಿಕೆ ಸುಲಿದು ಮನೆ ನಡೆಸುತ್ತಾರೆ. ಮಗಳ ಪ್ರಬಂಧದ ಮೂರು ಪ್ರತಿಗೆ ಅವರ ಒಂದು ದಿನದ ಕೂಲಿ ಸಾಲದು. ಪ್ರವೇಶದ ಸಮಯದಲ್ಲಿ ನಾವೆಲ್ಲ ಗ್ರಂಥಾಲಯ ಮತ್ತು ಗಣಕ ಸೌಲಭ್ಯದ ಶುಲ್ಕ ಕಟ್ಟಿರುತ್ತೇವೆ ಎಂಬುದನ್ನು ಇಲ್ಲಿ ವಿನಯದಿಂದ ನೆನಪಿಸುತ್ತೇನೆ.

ಹಣಕ್ಕಿಂತಲೂ ನನ್ನನ್ನು ನೋಯಿಸಿದ್ದು ಬೇರೊಂದು. ಆ ಅಂಗಡಿಯಲ್ಲಿ, ಊರಿನ ಬಹುತೇಕ ಅಂಗಡಿಗಳಲ್ಲಿರುವಂತೆ, ಕಡತವನ್ನು ಅಂಗಡಿಯ ವಾಟ್ಸಾಪ್ ಸಂಖ್ಯೆಗೆ ಕಳಿಸಬೇಕು. ಅಂಗಡಿಯವರು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಪ್ರಿಂಟ್ ಕೊಡುತ್ತಾರೆ. ಪರದೆ ಗಿರಾಕಿಗಳ ಕಡೆಗೆ ತಿರುಗಿತ್ತು. ನನ್ನ ಮುಂದಿದ್ದ ಹುಡುಗಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಒಂದರ ಹಿಂದೊಂದು ಅದರ ಮೇಲೆ ತೆರೆದುಕೊಂಡವು. ಸುತ್ತ ನಿಂತವರೆಲ್ಲ ನೋಡಿದರು. ಅವಳು ತನ್ನ ಮೊಬೈಲ್ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕಾಯಿತು, ಆಮೇಲೆ ಹಣ ಕೊಟ್ಟು ತಲೆ ತಗ್ಗಿಸಿಕೊಂಡು ಹೊರಟುಹೋದಳು. ಅವಳ ಕಾಗದಗಳೆಲ್ಲ ಆ ಕಂಪ್ಯೂಟರಿನಲ್ಲಿಯೇ ಉಳಿದವು. ಅಂಗಡಿಯವರದು ದುರುದ್ದೇಶವೆಂದು ನಾನು ಹೇಳುತ್ತಿಲ್ಲ. ಅಷ್ಟು ಜನ ಮೈಮೇಲೆ ಬಿದ್ದಿರುವಾಗ ಒಂದೊಂದನ್ನೂ ಅಳಿಸುತ್ತ ಕೂರಲು ಅವರಿಗೆ ಬಿಡುವಿರುವುದಿಲ್ಲ. ಆದರೆ ವಿದ್ಯಾರ್ಥಿವೇತನದ ಅರ್ಜಿಗೆ ಈ ಕಾಗದಗಳ ಮುದ್ರಿತ ಪ್ರತಿ ಬೇಕೆಂದು ಕೇಳುವುದು ನಮ್ಮದೇ ಕಚೇರಿ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗ್ಗೆ ನಮಗೆ ತರಗತಿಯಲ್ಲಿ ಪಾಠವಾಗಿದೆ. ಕಾಗದ ಕೇಳುವ ಸಂಸ್ಥೆಯೇ ಅದನ್ನು ಮರ್ಯಾದೆಯಿಂದ ಮುದ್ರಿಸಿಕೊಳ್ಳುವ ಜಾಗವನ್ನೂ ಒದಗಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಯಂತ್ರಗಳ ವಿಚಾರಕ್ಕೆ ಬರುತ್ತೇನೆ. 'ಅದೆಲ್ಲ ಆಗುವುದಿಲ್ಲ, ತಾಂತ್ರಿಕ ತೊಂದರೆ ಇದೆ' ಎಂಬ ಉತ್ತರವನ್ನು ಕೌಂಟರಿನಲ್ಲಿ ಎರಡು ವರ್ಷಗಳಿಂದ ಕೇಳಿದ್ದೇನೆ. ಆ ತೊಂದರೆ ಏನೆಂದು ತಿಳಿಯಬೇಕೆಂದು, ನಮ್ಮ ವಿಭಾಗದ ಅಧ್ಯಾಪಕರೊಬ್ಬರ ಅನುಮತಿ ಪಡೆದು ಅವರ ಎದುರಿನಲ್ಲಿಯೇ ಗ್ರಂಥಾಲಯದ ಪ್ರಿಂಟರಿಗೆ ನನ್ನ ಲ್ಯಾಪ್‌ಟಾಪನ್ನು ಜೋಡಿಸಲು ಪ್ರಯತ್ನಿಸಿದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ವಿದ್ಯಾರ್ಥಿಗಳ ವೈಫೈಯಲ್ಲಿ ಹುಡುಕಿದರೆ ಒಂದು ಪ್ರಿಂಟರೂ ಕಾಣುವುದಿಲ್ಲ. ಇದಕ್ಕೆ ಪ್ರಿಂಟರ್ ಕೆಟ್ಟಿರುವುದು ಕಾರಣವಲ್ಲ. ಈಗಿನ ಪ್ರಿಂಟರುಗಳು 'ನಾನು ಇಲ್ಲಿದ್ದೇನೆ' ಎಂದು ನೆಟ್‌ವರ್ಕಿನಲ್ಲಿ ತಾವೇ ಸಾರುತ್ತಿರುತ್ತವೆ. ಎಂಡಿಎನ್‌ಎಸ್ ಎಂಬ ಆ ಪದ್ಧತಿ ಹಳ್ಳಿಯ ಡಂಗುರದಂತೆ. ಹೊಡೆದ ಓಣಿಯಲ್ಲಿ ಮಾತ್ರ ಕೇಳಿಸುತ್ತದೆ, ಮುಂದಿನ ಓಣಿಗೆ ದಾಟುವುದಿಲ್ಲ. ನಮ್ಮಲ್ಲಿ ಪ್ರಿಂಟರುಗಳು ಕಚೇರಿಯ ನೆಟ್‌ವರ್ಕಿನಲ್ಲಿವೆ, ವಿದ್ಯಾರ್ಥಿಗಳ ವೈಫೈ ಬೇರೆ ನೆಟ್‌ವರ್ಕಿನಲ್ಲಿದೆ. ಪ್ರಿಂಟರಿನ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ಅದರ ಮನೆ ಸಂಖ್ಯೆಯನ್ನು, ನೇರವಾಗಿ ಬರೆದು ಪ್ರಯತ್ನಿಸಿದರೆ ನೆಟ್‌ವರ್ಕಿನ ಕಾವಲುಗಾರನಾದ ಫೈರ್‌ವಾಲ್ ತಡೆಯುತ್ತದೆ. ಹಾಗೆ ತಡೆಯುವುದು ಸರಿಯೇ. ಪರೀಕ್ಷಾ ವಿಭಾಗದ ಕಂಪ್ಯೂಟರುಗಳಿರುವ ನೆಟ್‌ವರ್ಕಿಗೆ ಸಾವಿರಾರು ವಿದ್ಯಾರ್ಥಿಗಳ ಮೊಬೈಲು, ಲ್ಯಾಪ್‌ಟಾಪುಗಳನ್ನು ಬಿಡಬಾರದು.

ನಂತರ ಅಧ್ಯಾಪಕರ ಕೊಠಡಿಯ ಕೇಬಲ್ಲಿನಿಂದ, ಲ್ಯಾಬಿನ ವಿಂಡೋಸ್ ಕಂಪ್ಯೂಟರ್ ಹಂಚಿಕೊಂಡಿರುವ ಪ್ರಿಂಟರಿಗೆ ಸಹಪಾಠಿಯ ಲ್ಯಾಪ್‌ಟಾಪನ್ನು ಜೋಡಿಸಿದೆವು. '11ಬಿ' ಎಂದು ಮುಗಿಯುವ ದೋಷಸಂಖ್ಯೆ ತೋರಿಸಿ ಅದು ನಿಂತುಹೋಯಿತು. ಈ ಸಂಖ್ಯೆಯ ಹಿಂದೆ ಒಂದು ಕಥೆಯಿದೆ, ತಾವು ದಯವಿಟ್ಟು ಕೇಳಬೇಕು. 2021ರ ಜೂನ್ ಕೊನೆಯಲ್ಲಿ ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂಬ ದೊಡ್ಡ ದೋಷ ಬಯಲಾಯಿತು. ಸಾಮಾನ್ಯ ಲಾಗಿನ್ ಇದ್ದವರು ಪ್ರಿಂಟರಿನ ಡ್ರೈವರ್ (ಕಂಪ್ಯೂಟರಿಗೆ ಪ್ರಿಂಟರಿನ ಭಾಷೆ ಕಲಿಸುವ ತಂತ್ರಾಂಶ) ಹಾಕುವ ನೆಪದಲ್ಲಿ ತಮ್ಮದೇ ಪ್ರೋಗ್ರಾಂ ನುಗ್ಗಿಸಿ ಇಡೀ ಕಂಪ್ಯೂಟರನ್ನು ವಶಪಡಿಸಿಕೊಳ್ಳಲು ಅದು ದಾರಿ ಮಾಡಿಕೊಡುತ್ತಿತ್ತು. ಮೈಕ್ರೋಸಾಫ್ಟ್ ಜುಲೈನಲ್ಲಿ ತುರ್ತು ತಿದ್ದುಪಡಿ ಕೊಟ್ಟಿತು. ಆಗಸ್ಟಿನಿಂದ ಡ್ರೈವರ್ ಹಾಕಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಕಡ್ಡಾಯವಾಯಿತು. ಸೆಪ್ಟೆಂಬರಿನ ತಿದ್ದುಪಡಿಯ ನಂತರ ಹಂಚಿಕೊಂಡ ಪ್ರಿಂಟರುಗಳ ಮುಂದೆ ಈ '11ಬಿ' ಜಗತ್ತಿನಾದ್ಯಂತ ಕಾಣಿಸಿಕೊಂಡಿತು. ನಮ್ಮ ಗಣಕ ಕೇಂದ್ರ ಆ ವರ್ಷವೇ ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳಿಗೆ ಪ್ರಿಂಟರ್ ನಿಲ್ಲಿಸಿತೆಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಆಗ ಹಾಗೆ ನಿರ್ಧರಿಸಿದವರನ್ನು ನಾನು ಗೌರವಿಸುತ್ತೇನೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದರೆ ಅಪಾಯದ ಬೇರು ಇದ್ದದ್ದು ಡ್ರೈವರಿನಲ್ಲಿ. ಒಂದೊಂದು ಕಂಪನಿಯ ಒಂದೊಂದು ಮಾದರಿಗೂ ಬೇರೆ ಬೇರೆ ಡ್ರೈವರ್ ಬೇಕಾಗಿದ್ದ ಕಾಲ ಅದು. ಅದಕ್ಕೆ ಪರ್ಯಾಯ ಹೊಸದೂ ಅಲ್ಲ. ಐಪಿಪಿ ಎಂಬ ಮುದ್ರಣ ನಿಯಮಾವಳಿಯ 1.1ನೇ ಆವೃತ್ತಿ 2000ದಲ್ಲಿಯೇ ಪ್ರಕಟವಾಯಿತು. ಡ್ರೈವರ್ ಇಲ್ಲದೆ ಮುದ್ರಿಸುವ ಪದ್ಧತಿಗಳಾದ ಆಪಲ್ ಕಂಪನಿಯ ಏರ್‌ಪ್ರಿಂಟ್ 2010ರಲ್ಲಿ, ಪ್ರಿಂಟರ್ ಕಂಪನಿಗಳ ಮೊಪ್ರಿಯಾ ಒಕ್ಕೂಟ ಮತ್ತು ಐಪಿಪಿ ಎವೆರಿವೇರ್ 2013ರಲ್ಲಿ ಬಂದವು. ಈ ಪದ್ಧತಿಯಲ್ಲಿ ತನಗೆ ಯಾವ ಅಳತೆಯ ಕಾಗದ ಗೊತ್ತು, ಬಣ್ಣ ಬರುತ್ತದೆಯೇ, ಎರಡೂ ಬದಿ ಮುದ್ರಿಸಬಲ್ಲೆನೇ ಎಂಬುದನ್ನು ಪ್ರಿಂಟರೇ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪನಿಯ ಡ್ರೈವರನ್ನು ಹುಡುಕಿ ಹಾಕುವ ಅಗತ್ಯವಿಲ್ಲ. ಕಂಪನಿಗಳ ಪ್ರತ್ಯೇಕ ಡ್ರೈವರುಗಳಿಂದ ಹಂತಹಂತವಾಗಿ ದೂರ ಸರಿಯುವುದಾಗಿ ಮೈಕ್ರೋಸಾಫ್ಟ್ ಕೂಡ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ಗ್ರಂಥಾಲಯದ ನಮ್ಮ ಪ್ರಿಂಟರಿನ ಮಾಹಿತಿ ಪುಟವನ್ನು ಅಧ್ಯಾಪಕರ ಎದುರು ಮುದ್ರಿಸಿ ನೋಡಿದೆ. ಏರ್‌ಪ್ರಿಂಟ್, ಮೊಪ್ರಿಯಾ ಎರಡೂ ಅದರಲ್ಲಿವೆ. ಅಂದರೆ ಬೇಕಾದ ಶಕ್ತಿ ನಾವು ಈಗಾಗಲೇ ಕೊಂಡಿರುವ ಯಂತ್ರದಲ್ಲೇ ಇದೆ.

ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ನನ್ನ ಲ್ಯಾಪ್‌ಟಾಪ್ ಅಪ್ಪ ಮೆಕ್ಕೆಜೋಳ ಮಾರಿದ ಹಣದಲ್ಲಿ ಕೊಡಿಸಿದ ಸೆಕೆಂಡ್ ಹ್ಯಾಂಡ್ ಯಂತ್ರ. ಅದಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಅದರಲ್ಲಿ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸಿನ ಒಂದು ರೂಪವಾದ ಉಬುಂಟು ಹಾಕಿಕೊಂಡೆ. ನನ್ನ ತರಗತಿಯಲ್ಲಿ ಹೀಗೆ ಬದಲಾದವರು ಹಲವರಿದ್ದಾರೆ. 'ವಿಂಡೋಸ್ ಇದ್ದರೆ ಮಾತ್ರ ನೋಡೋಣ' ಎಂದು ಹೇಳಿದಾಗ, ಹೊಸ ಲ್ಯಾಪ್‌ಟಾಪ್ ಕೊಳ್ಳಬಲ್ಲವರು ಒಳಗೆ, ಉಳಿದವರು ಹೊರಗೆ ಎಂದು ಹೇಳಿದಂತಾಗುತ್ತದೆ. ಐಪಿಪಿಯಲ್ಲಿ ಈ ಭೇದವಿಲ್ಲ. ವಿಂಡೋಸ್, ಉಬುಂಟು, ಮ್ಯಾಕ್, ಆಂಡ್ರಾಯ್ಡ್ ಎಲ್ಲಕ್ಕೂ ಅದು ಬರುತ್ತದೆ.

ನನ್ನ ಸಲಹೆ ಪ್ರಿಂಟರುಗಳನ್ನು ವಿದ್ಯಾರ್ಥಿಗಳ ನೆಟ್‌ವರ್ಕಿಗೆ ನೇರವಾಗಿ ತೆರೆದಿಡಬೇಕೆಂದು ಖಂಡಿತ ಅಲ್ಲ. ನಡುವೆ ಒಂದು ಪ್ರಿಂಟ್ ಸರ್ವರ್, ಅಂದರೆ ಎಲ್ಲರ ಕಡತಗಳನ್ನು ಪಡೆದು ಪ್ರಿಂಟರಿಗೆ ಒಪ್ಪಿಸುವ ಕಂಪ್ಯೂಟರ್, ಇರಲಿ. ಪಕ್ಕಕ್ಕಿಟ್ಟ ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿ, ಅದರೊಡನೆಯೇ ಬರುವ ಕಪ್ಸ್ ಎಂಬ ಮುದ್ರಣ ತಂತ್ರಾಂಶವನ್ನು ಸಿದ್ಧಪಡಿಸಿದರೆ ಇಷ್ಟು ಕೆಲಸಕ್ಕೆ ಸಾಕು. ಕಪ್ಸ್ 1999ರಿಂದ ಬಳಕೆಯಲ್ಲಿದೆ, ಪರವಾನಗಿ ಶುಲ್ಕವಿಲ್ಲ. ವಿದ್ಯಾರ್ಥಿಗಳ ವೈಫೈಯಿಂದ ಈ ಸರ್ವರಿನ 631ನೇ ಪೋರ್ಟಿಗೆ (ಐಪಿಪಿಗೆ ಮೀಸಲಾದ ಸಂಖ್ಯೆಯ ಕಿಂಡಿಗೆ) ಮಾತ್ರ ಫೈರ್‌ವಾಲಿನಲ್ಲಿ ದಾರಿ ಬಿಟ್ಟು, ಉಳಿದುದೆಲ್ಲವನ್ನೂ ಈಗಿರುವಂತೆ ಮುಚ್ಚಿಡಬಹುದು. ಪ್ರಿಂಟರುಗಳು ಈ ಸರ್ವರಿನ ಮಾತನ್ನು ಮಾತ್ರ ಕೇಳಲಿ. ಯಾರು ಏನನ್ನು ಕಳಿಸಿದರೂ ಮುದ್ರಿಸಿಬಿಡುವ 9100ನೇ ಪೋರ್ಟ್ ಬೇರೆ ಯಾರಿಗೂ ತೆರೆಯದಿರಲಿ. ಕಡತ ಗೂಢಲಿಪಿಯಲ್ಲಿ ಸಾಗಲಿ. ಹೀಗೆ ಮಾಡಿದರೆ ಈಗಿನದಕ್ಕಿಂತ ಭದ್ರತೆ ಹೆಚ್ಚುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಈಗ ಕಡತಗಳು ಕಾಲೇಜಿನೊಳಗೆ ಬರುತ್ತಿರುವುದು ಪೆನ್ ಡ್ರೈವ್ ಮೂಲಕ, ನೇರವಾಗಿ ಲ್ಯಾಬಿನ ಕಂಪ್ಯೂಟರಿನ ಹೊಟ್ಟೆಗೆ. ಗೆಳತಿಯ ಕಡತಗಳಿಗೆ ಅಂದು ಏನಾಯಿತೆಂದು ಮೇಲೆ ಬರೆದಿದ್ದೇನೆ.

ಕಾಗದ ಪೋಲಾಗುತ್ತದೆ ಎಂಬ ಆಕ್ಷೇಪವನ್ನು ಅಧ್ಯಾಪಕರೊಬ್ಬರು ಎತ್ತಿದ್ದರು. "ಬಿಟ್ಟರೆ ಹುಡುಗರು ಸಿಕ್ಕಿದ್ದನ್ನೆಲ್ಲ ಪ್ರಿಂಟ್ ಹಾಕುತ್ತಾರಮ್ಮ, ಟೋನರಿಗೆ ಯಾರು ದುಡ್ಡು ಕೊಡುತ್ತಾರೆ?" ಎಂದರು. ಅವರ ಆತಂಕ ನ್ಯಾಯವಾದದ್ದು, ಅದಕ್ಕೆ ಪೂರ್ತಿ ಉತ್ತರ ಕೊಡಬೇಕು. ಸರ್ವರಿಗೆ ಪ್ರತಿಯೊಬ್ಬರೂ ತಮ್ಮ ನೋಂದಣಿ ಸಂಖ್ಯೆಯಿಂದಲೇ ಲಾಗಿನ್ ಆಗಬೇಕು. ಒಬ್ಬರಿಗೆ ಇಂತಿಷ್ಟು ದಿನಕ್ಕೆ ಇಂತಿಷ್ಟು ಪುಟ ಎಂದು ಮಿತಿ ಹಾಕುವ ಸೌಲಭ್ಯ ಕಪ್ಸಿನಲ್ಲಿಯೇ ಇದೆ. ಯಾರು ಯಾವಾಗ ಎಷ್ಟು ಪುಟ ತೆಗೆದರೆಂಬ ದಾಖಲೆ ಅದರಲ್ಲಿ ಸಾಲುಸಾಲಾಗಿ ಉಳಿಯುತ್ತದೆ. ಮಿತಿ ದಾಟಿದ ಪುಟಗಳಿಗೆ ಕಾಲೇಜು ಹಣ ನಿಗದಿಪಡಿಸಲಿ, ನಾವು ಸಂತೋಷದಿಂದ ಕೊಡುತ್ತೇವೆ. ಅಂಗಡಿಗೆ ಕೊಡುತ್ತಿರುವ ಹಣ ನಮ್ಮ ಕಾಲೇಜಿನ ಟೋನರಿಗೇ ಹೋಗಲಿ. ಕಳಿಸಿದ ಕಡತ ಕೂಡಲೇ ಮುದ್ರಣವಾಗದೆ ಸರ್ವರಿನಲ್ಲಿ ಕಾದಿರಬೇಕು. ವಿದ್ಯಾರ್ಥಿ ಪ್ರಿಂಟರಿನ ಬಳಿ ಬಂದು ತನ್ನ ಲಾಗಿನ್‌ನಿಂದ ಬಿಡುಗಡೆ ಮಾಡಿದ ಮೇಲೆ ಮಾತ್ರ ಹಾಳೆ ಹೊರಬರಬೇಕು. ಇದರಿಂದ ಎರಡು ಕೆಲಸವಾಗುತ್ತದೆ. ಮರೆತುಹೋದ, ತಪ್ಪಿ ಕಳಿಸಿದ ಕಡತಗಳು ಕಾಗದ ತಿನ್ನುವುದಿಲ್ಲ. ಒಬ್ಬಳ ಆದಾಯ ಪ್ರಮಾಣಪತ್ರ ತಟ್ಟೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಬಿದ್ದಿರುವುದಿಲ್ಲ.

ಕಾಗದದ ಚಿಂತೆ ನಿಜವಾಗಿದ್ದರೆ ವಿಭಾಗಗಳ ಒಂದು ನಿಯಮವನ್ನು ಬದಲಿಸಬೇಕಾಗುತ್ತದೆ. ಪ್ರಬಂಧ, ಪ್ರಾಜೆಕ್ಟ್ ವರದಿಗಳೆಲ್ಲ ಹಾಳೆಯ ಒಂದೇ ಬದಿಯಲ್ಲಿರಬೇಕೆಂಬ ನಿಯಮ ಅದು. ಗೆಳತಿಯ ಮೂರು ಪ್ರತಿಗೆ 252 ಹಾಳೆ ಹಿಡಿಯಿತು. ಎರಡೂ ಬದಿ ಮುದ್ರಿಸಲು ಬಿಟ್ಟಿದ್ದರೆ 126 ಸಾಕಿತ್ತು. ನಮ್ಮ ಪ್ರಿಂಟರುಗಳು ಎರಡೂ ಬದಿ ತಾವೇ ಮುದ್ರಿಸಬಲ್ಲವು. ಈ ನಿಯಮ ಸಡಿಲಿಸಲು ಒಂದು ಸುತ್ತೋಲೆ ಸಾಕು.

ಲ್ಯಾಪ್‌ಟಾಪ್ ಇಲ್ಲದವರ ಮಾತನ್ನೂ ನಾನು ಆಡಬೇಕು, ಏಕೆಂದರೆ ಅವರೇ ಹೆಚ್ಚು. ಪದವಿ ತರಗತಿಗಳ ಬಹುಪಾಲು ವಿದ್ಯಾರ್ಥಿಗಳ ಬಳಿ ಇರುವುದು ಮೊಬೈಲ್ ಒಂದೇ. ಲ್ಯಾಪ್‌ಟಾಪಿಗೆ ಮಾತ್ರ ಬಾಗಿಲು ತೆರೆದರೆ ಹರಿಹರದಿಂದ, ನ್ಯಾಮತಿಯಿಂದ ಬೆಳಗಿನ ಬಸ್ ಹಿಡಿದು ಬರುವ ಆ ಮಕ್ಕಳು ಮತ್ತೆ ವಾಟ್ಸಾಪ್ ಅಂಗಡಿಯ ಮುಂದೆಯೇ ನಿಲ್ಲಬೇಕಾಗುತ್ತದೆ. ಆಂಡ್ರಾಯ್ಡ್ ಮೊಬೈಲಿನಿಂದಲೂ ಐಪಿಪಿ ಮೂಲಕ ಮುದ್ರಿಸಬಹುದು. ಅದು ಕಷ್ಟವೆನಿಸಿದವರಿಗೆ, ಕಾಲೇಜಿನ ವೈಫೈಯಲ್ಲಿ ಮಾತ್ರ ತೆರೆಯುವ ಒಂದು ಪುಟವಿರಲಿ. ಅಲ್ಲಿ ಲಾಗಿನ್ ಆಗಿ ಪಿಡಿಎಫ್ ಏರಿಸಿದರೆ ಅದು ಸರ್ವರಿನ ಅದೇ ಮುದ್ರಣ ಸಾಲಿಗೆ ಸೇರಲಿ. ಅಂಥ ಪುಟವನ್ನು ನಮ್ಮ ಎಂ.ಸಿ.ಎ. ವಿಭಾಗದ ಯಾವ ತಂಡವಾದರೂ ಕಟ್ಟಬಲ್ಲದು. ಪ್ರತಿ ವರ್ಷ ಅಂಗಡಿ ಬಿಲ್ಲಿಂಗ್, ಹೋಟೆಲ್ ಬುಕಿಂಗ್ ಎಂದು ಬಳಸದ ಪ್ರಾಜೆಕ್ಟುಗಳನ್ನು ಮಾಡಿ ಬೈಂಡ್ ಮಾಡಿಸಿ ಕಪಾಟಿಗೆ ಸೇರಿಸುತ್ತೇವೆ. ಕಾಲೇಜಿಗೇ ಬೇಕಾದ ಈ ಕೆಲಸವನ್ನು ಈ ವರ್ಷ ಪ್ರಾಜೆಕ್ಟಾಗಿ ಕೊಡಿ ಎಂಬುದು ನನ್ನ ಪ್ರಾಮಾಣಿಕ ಆಸೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಬೇಸಿಗೆ ರಜೆಯಲ್ಲಿ ಗ್ರಂಥಾಲಯದ ಒಂದೇ ಒಂದು ಪ್ರಿಂಟರಿಗೆ ಈ ವ್ಯವಸ್ಥೆ ಮಾಡಿ ಒಂದು ತಿಂಗಳು ಪರೀಕ್ಷಿಸಿ ನೋಡಲು ಆದೇಶ ನೀಡಬೇಕು. ಉಳಿದ ಮೂರು ಪ್ರಿಂಟರುಗಳು ಈಗಿರುವಂತೆಯೇ ಇರಲಿ. ಆ ತಿಂಗಳ ದಾಖಲೆಯನ್ನು ಗ್ರಂಥಪಾಲಕರು, ಗಣಕ ಕೇಂದ್ರದವರು ಮತ್ತು ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳು ಒಟ್ಟಿಗೆ ಕುಳಿತು ನೋಡಿ ಮುಂದಿನದನ್ನು ತೀರ್ಮಾನಿಸಲಿ. ಮುದ್ರಣ ಮುಗಿದ ಕಡತ ಸರ್ವರಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಉಳಿಯಬಾರದೆಂದು ಲಿಖಿತ ನಿಯಮ ಮಾಡಬೇಕು. ಪ್ರಿಂಟರಿನ ಪಕ್ಕದಲ್ಲಿ ಜೋಡಿಸುವ ವಿಧಾನವನ್ನು ಕನ್ನಡದಲ್ಲಿ, ಚಿತ್ರಗಳ ಸಹಿತ, ಒಂದು ಹಾಳೆಯಲ್ಲಿ ತೂಗುಹಾಕಬೇಕು. ಕನ್ನಡ ಮಾಧ್ಯಮದಿಂದ ಬಂದವರು 'ಆಡ್ ಪ್ರಿಂಟರ್' ಎಂಬ ಎರಡು ಪದಗಳೆದುರು ಅಳುಕಿ ಹಿಂದಿರುಗುವುದನ್ನು ನಾನು ಕಂಡಿದ್ದೇನೆ. ಲ್ಯಾಬ್ ಸಹಾಯಕರ ಮೇಲೆ ಈ ಹೊಸ ಹೊರೆಯನ್ನು ಹೇರಬಾರದು. ಮೊದಲ ತಿಂಗಳು ಪಾಳಿಯಲ್ಲಿ ನಿಂತು ಹೇಳಿಕೊಡಲು ನಮ್ಮ ತರಗತಿಯ ಒಂಬತ್ತು ಮಂದಿ ಹೆಸರು ಕೊಟ್ಟಿದ್ದಾರೆ. ಆ ಪಟ್ಟಿಯನ್ನು ಜನವರಿಯ ಮನವಿಯೊಂದಿಗೆ ಲಗತ್ತಿಸಿದ್ದೇನೆ.

ಒಂದು ವೇಳೆ ಇದು ಸಾಧ್ಯವಿಲ್ಲವೆಂದು ತಾವು ತೀರ್ಮಾನಿಸಿದರೆ ಅದರ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇನೆ. ಕಾರಣ ತಿಳಿದರೆ ಪರಿಹಾರ ಹುಡುಕಬಹುದು. 'ತಾಂತ್ರಿಕ ತೊಂದರೆ' ಎಂಬ ಎರಡು ಪದಗಳೊಡನೆ ನಾವು ಏನನ್ನೂ ಮಾಡಲಾರೆವು.

ಅಂದು ರಾತ್ರಿ ಎಂಟೂವರೆಗೆ ಗೆಳತಿಯ ಮೂರು ಪ್ರತಿಗಳು ಕೈಗೆ ಬಂದವು. ಬೈಂಡಿಂಗ್ ಮರುದಿನ ಬೆಳಿಗ್ಗೆ ಆಯಿತು, ಹನ್ನೆರಡೂವರೆಗೆ ವಿಭಾಗಕ್ಕೆ ಒಪ್ಪಿಸಿದಳು. ನಾಲ್ಕನೆಯ ಪ್ರತಿಯೊಂದನ್ನು ಮಾಡಿಸಿ, ತನಗೆ ಎಲ್ಲರಿಗಿಂತ ಹೆಚ್ಚು ಹೇಳಿಕೊಟ್ಟ ಅಜ್ಜಿಗೆ ಕೊಡಬೇಕೆಂದು ಮೊದಲಿನಿಂದಲೂ ಅಂದುಕೊಂಡಿದ್ದಳು. ಹಣ ಸಾಲದೆ ಅದನ್ನು ಬಿಟ್ಟಳು. ತಾವು ಅನುಮತಿ ಕೊಟ್ಟರೆ ಗ್ರಂಥಾಲಯದ ಪ್ರಿಂಟರಿನಲ್ಲಿ ಪರೀಕ್ಷೆಗಾಗಿ ಮೊದಲು ಮುದ್ರಿಸುವ ಕಡತ ಅದೇ ಆಗಲಿ, ಅದರ ಕಾಗದ ನಾವು ತರುತ್ತೇವೆ. ರಜೆ ಆರಂಭವಾಗುವ ಮುನ್ನ ಯಾವ ದಿನ ಕರೆದರೂ ನನ್ನ ಲ್ಯಾಪ್‌ಟಾಪಿನೊಂದಿಗೆ ಬೆಳಿಗ್ಗೆ ಹತ್ತು ಗಂಟೆಗೆ ಗ್ರಂಥಾಲಯದ ನೆಲಮಹಡಿಯಲ್ಲಿ ಹಾಜರಿರುತ್ತೇನೆ.

ಇಂತಿ ತಮ್ಮ ವಿಧೇಯ,
ಎಂ.ಸಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ
ದಾವಣಗೆರೆ